ಕೈಗೆ ಕೂಲಿ ಹಚ್ಚಿದ್ದೀರಾ?

ಮಳೆಗಾಲ, ಬೇಸಿಗೆ ಎನ್ನದೆ ಈ ಅಂಕಣಕ್ಕೆ ಬರುತ್ತಲೇ ಇರುವ ಪ್ರಶ್ನೆಯೊಂದಿದೆ. "ನನಗೆ ಹೊಲಿಗೆ ಚೆನ್ನಾಗಿ ಬರುತ್ತದೆ. ಮನೆಯಲ್ಲಿ ಮಷೀನಿದೆ. ಪರ್ಸು, ಚೀಲ, ತೋರಣ, ಕೌದಿ, ಕುಂಚಿಗೆ ಮಾಡಿ ಮಾರಬೇಕೆಂದಿದ್ದೇನೆ. ನಾಲ್ಕು ಕಾಸು ಉಳಿದೀತೆ?" ಬರೆಯುವವರು ಬಹುಪಾಲು ಹೆಣ್ಣುಮಕ್ಕಳು. ಈಚೆಗೆ ಗಡಿಯಾಚೆಯಿಂದಲೂ ಪತ್ರಗಳು ಹೆಚ್ಚಿವೆ. ಗಡಹಿಂಗ್ಲಜದವರು, ಇಚಲಕರಂಜಿಯವರು, ಬೆಳಗಾವಿ ಜಿಲ್ಲೆಯಿಂದ ಕೊಲ್ಹಾಪುರಕ್ಕೆ ಸೊಸೆಯಾಗಿ ಹೋದವರು. ಮನೆಯೊಳಗೆ ಕನ್ನಡ, ಓಣಿಯಲ್ಲಿ ಮರಾಠಿ ಆಡಿಕೊಂಡು ಎರಡೂ ಕಡೆ ಬಳಗ ಇಟ್ಟುಕೊಂಡವರು. ಉಳಿಯುತ್ತದೆ ಎಂದೇ ನನ್ನ ಉತ್ತರ. ಆದರೆ ಎಲ್ಲಿ ಮಾರಲಿ ಎಂದು ಕೇಳುವ ಮೊದಲು ಎಷ್ಟಕ್ಕೆ ಮಾರಲಿ ಎಂದು ಕೇಳಿಕೊಳ್ಳಬೇಕು. ಈ ಕಸುಬಿಗೆ ಕೈಹಾಕಿ ಬಿಟ್ಟವರನ್ನು ನಾನು ಬಲ್ಲೆ. ಗಿರಾಕಿ ಸಿಗದೆ ಬಿಟ್ಟವರು ಅವರಲ್ಲಿ ಕಡಿಮೆ. ಗಿರಾಕಿ ಸಿಕ್ಕು, ಮಾಲೂ ಹೋಗಿ, ವರ್ಷದ ಕೊನೆಗೆ ಲೆಕ್ಕ ಮಾಡಿದರೆ ಕೈಯಲ್ಲಿ ಏನೂ ನಿಲ್ಲದೆ ಬೇಸತ್ತು ಬಿಟ್ಟವರೇ ಹೆಚ್ಚು.

ಗಡಹಿಂಗ್ಲಜ ತಾಲ್ಲೂಕಿನ ಹಳ್ಳಿಯೊಂದರಲ್ಲಿ, ಗುಡಿಯ ಕಟ್ಟೆಯ ಮೇಲೆ ಕೌದಿ ಹೊಲಿಯುತ್ತಿದ್ದ ಹೆಣ್ಣುಮಗಳೊಬ್ಬರ ಹತ್ತಿರ ಕೂತು ನೋಡಿದ್ದೇನೆ. ಕೆಳಗೆ ಹಳೆಯ ಇಳಕಲ್ಲ ಸೀರೆ, ಅದರ ಮೇಲೆ ಹರಿದ ಧೋತರ, ಅಂಗಿ ಬಿಚ್ಚಿ ತೆಗೆದ ತುಂಡುಗಳು, ಎಲ್ಲಕ್ಕೂ ಮೇಲೆ ತೊಳೆದು ತೊಳೆದು ಮೆತ್ತಗಾದ ಹೂವಿನ ಸೀರೆ. ನಾಲ್ಕು ಮೂಲೆಗೂ ಕಲ್ಲು ಹೇರಿ, ಬಟ್ಟೆ ಜಗ್ಗಿ ಬಿಗಿಮಾಡಿ, ಮೊದಲು ಉದ್ದುದ್ದ ಟಾಕಾ ಹಾಕಿ ಪದರುಗಳನ್ನು ಕೂಡಿಸಿಕೊಂಡರು. ಆಮೇಲೆ ಅಂಚಿನಿಂದ ಹೊಲಿಗೆ. ಸಾಲಿಗೂ ಸಾಲಿಗೂ ನಡುವೆ ಬೆರಳಗಲ. ಪದರು ದಪ್ಪವಾದ ಕಡೆ ಒಳಹೊಕ್ಕ ಸೂಜಿ ಹೊರಬರಲು ಒಲ್ಲದು. ಆಗ ಸೆರಗಿನ ತುದಿಯಲ್ಲಿ ಸೂಜಿಯ ಮೊನೆ ಹಿಡಿದು ಎಳೆಯುತ್ತಿದ್ದರು. ಅವರ ತೋರುಬೆರಳಿನ ತುದಿ ಗಟ್ಟಿಯಾಗಿತ್ತು, ಚರ್ಮದ ಮೇಲೆಲ್ಲ ಸೂಜಿ ಚುಚ್ಚಿದ ಕಪ್ಪು ಚುಕ್ಕೆಗಳು. ಎಷ್ಟು ತಗೊಳ್ತೀರಿ ಎಂದು ಕೇಳಿದೆ.

"ಸೀರಿ ನಿಮ್ಮವ, ದಾರಾ ನಂದು. ಏಳನೂರ ಕೊಡ್ರಿ ಅಕ್ಕಾರ."

ಎಷ್ಟು ದಿನದ ಕೆಲಸ?

"ಹೊಲದಾಗಿಂದ ಬಂದ ಮ್ಯಾಲೆ ದಿನಾ ಎರಡ ತಾಸ ಕೂಡತೀನ್ರಿ. ತಿಂಗಳ ಹಿಡಿತೈತ್ರಿ."

ಅರವತ್ತು ತಾಸು. ದಾರಕ್ಕೆ ನೂರು ರೂಪಾಯಿ ತೆಗೆದರೆ ತಾಸಿಗೆ ಬಿದ್ದದ್ದು 10 ರೂಪಾಯಿ. ಈ ಲೆಕ್ಕ ಹೇಳಿದಾಗ ಅವರು ನನ್ನನ್ನೇ ಸಮಾಧಾನ ಮಾಡಿದರು: "ಅದ ಬಿಡ್ರಿ, ಕೂತ ಹೊತ್ತಿನ್ಯಾಗ ಮಾಡೂದಕ್ಕ ಕೈಗೇನ ರೊಕ್ಕ ಹಚ್ಚೂದು?"

ಹೊಲದ ಕೂಲಿಗೆ ತಾಸಿಗೆ 10 ರೂಪಾಯಿ ಎಂದರೆ ಇದೇ ಹೆಣ್ಣುಮಗಳು ಮನೆ ಬಿಟ್ಟು ಕದಲುವುದಿಲ್ಲ. ಅಲ್ಲಿ ಮುಕಾದಮನ ಜೊತೆ ಗಟ್ಟಿಯಾಗಿ ಮಾತಾಡಿ ಕೂಲಿ ಗೊತ್ತುಮಾಡಿಕೊಂಡೇ ಹೋಗುವುದು. ಸೂಜಿ ಹಿಡಿದ ಕೂಡಲೇ ಅದೇ ಕೈ ಬಿಟ್ಟಿಯಾಗುತ್ತದೆ. ಪಟ್ಟಣದ ಓದಿದ ಹೆಣ್ಣುಮಕ್ಕಳಲ್ಲೂ ಈ ಅಭ್ಯಾಸ ಕಂಡಿದ್ದೇನೆ. ಅರಿವೆಗೆ ಇಷ್ಟು, ಅಸ್ತರಕ್ಕೆ ಇಷ್ಟು, ಝಿಪ್ಪಿಗೆ ಇಷ್ಟು ಎಂದು ಕೂಡಿಸಿ, ಅದರ ಮೇಲೆ ಇಪ್ಪತ್ತೋ ಮೂವತ್ತೋ ಇಟ್ಟು 'ಲಾಭ' ಎನ್ನುತ್ತಾರೆ. ಅದು ಲಾಭವಲ್ಲ, ಕೂಲಿಯ ಚೂರು. ಲಾಭದ ಮಾತು ಬರುವುದು ಕೂಲಿ ಪೂರ್ತಿ ಸಂದ ಮೇಲೆ.

ಈ ಸೀಮೆಯಲ್ಲಿ ಇದು ಇನ್ನಷ್ಟು ಕಷ್ಟವಾಗಲು ಕಾರಣವಿದೆ. ಇಲ್ಲಿ ಅರಿವೆ ಅಗ್ಗ. ಇಚಲಕರಂಜಿಯಲ್ಲಿ ವಿಠ್ಠಲರಾವ್ ದಾತಾರ್ ಎಂಬವರು ಮೊದಲ ವಿದ್ಯುತ್ ಮಗ್ಗ ಹೂಡಿದ್ದು 1904ರಲ್ಲಿ. ಅಲ್ಲಿನ ಜಹಗೀರದಾರ ನಾರಾಯಣರಾವ್ ಬಾಬಾಸಾಹೇಬ ಘೋರ್ಪಡೆಯವರು ಅಂಥ ಉದ್ಯಮಗಳಿಗೆ ಬೆನ್ನಾಗಿ ನಿಂತರು. ಎರಡೇ ವರ್ಷಕ್ಕೆ, 1906ರಲ್ಲಿ, ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು ನೂಲು-ನೇಯ್ಗೆಯ ಗಿರಣಿಗೆ ಅಡಿಗಲ್ಲು ಹಾಕಿಸಿದರು. ಆ ಗಿರಣಿ ಈಗ ನಡೆಯುತ್ತಿಲ್ಲ, ಆದರೆ ಇಚಲಕರಂಜಿಯ ಓಣಿಗಳಲ್ಲಿ ಇಂದಿಗೂ ಮಗ್ಗದ ಸಪ್ಪಳಕ್ಕೆ ಮಾತು ಕೇಳಿಸದು. 'ಮಹಾರಾಷ್ಟ್ರದ ಮ್ಯಾಂಚೆಸ್ಟರ್' ಎಂದು ಕರೆಸಿಕೊಂಡ ಊರದು. ಇನ್ನೊಂದು ಕಡೆ ಕೊಲ್ಹಾಪುರದ ಪಕ್ಕದ ಗಾಂಧಿನಗರ: ದೇಶ ಇಬ್ಭಾಗವಾದಾಗ ಬಂದು ನೆಲೆಸಿದ ಸಿಂಧಿ ಕುಟುಂಬಗಳು ಕಟ್ಟಿದ ಹೋಲ್‌ಸೇಲ್ ಬಟ್ಟೆ ಪೇಟೆ. ಹೀಗೆ ಸುತ್ತ ಥಾನುಗಟ್ಟಲೆ ಅರಿವೆ ಬಿದ್ದಿರುವಾಗ ಹೊಲಿಯುವವಳಿಗೆ ಕಚ್ಚಾಮಾಲು ಸಲೀಸು. ಅದೇ ಹೊತ್ತಿಗೆ ಗಿರಾಕಿಗೂ ಅರಿವೆಯ ದರ ಬಾಯಿಪಾಠ. ನಿಮ್ಮ ಚೀಲ ಎತ್ತಿ ನೋಡಿ, "ಇದಕ್ಕ ಅರ್ಧ ಮೀಟರ್ ಅರಿವಿ ಹೋಗಿರಬೇಕು" ಎಂದು ನಿಮ್ಮೆದುರೇ ಬೆಲೆ ಕಟ್ಟುತ್ತಾರೆ.

ಆದ್ದರಿಂದ ಇಲ್ಲಿ ಅರಿವೆಯನ್ನು ಮಾರಲು ಹೋದರೆ ಸೋಲು ಖಚಿತ. ಮಷೀನು ಮಾಡುವುದನ್ನೇ ಮಾಡಿ ಮಷೀನಿಗಿಂತ ಕಡಿಮೆಗೆ ಕೊಡುವ ಪಂತಕ್ಕೆ ಬೀಳಬಾರದು. ಸಾದಾ ಕೈಚೀಲ, ದಿಂಬಿನ ಹೊದಿಕೆ, ನೈಟಿ ಇವು ಸಾವಿರಗಟ್ಟಲೆ ಹೊಲಿದು ಬರುವ ಮಾಲು. ಹೊಲಿಗೆ ತರಬೇತಿ ಮುಗಿಸಿದವರಿಗೆಲ್ಲ ಒಂದೇ ಅಳತೆಯ, ಒಂದೇ ಮಾದರಿಯ ಪರ್ಸು ಕಲಿಸಿ ಕಳಿಸುವುದು ನನಗೆ ಸರಿಕಾಣುವುದಿಲ್ಲ. ಒಂದು ಊರಿನ ಹತ್ತು ಸಂಘಗಳೂ ಅದೇ ಪರ್ಸು ಹಿಡಿದು ಒಂದೇ ಪ್ರದರ್ಶನದಲ್ಲಿ ಸಾಲಾಗಿ ಕೂತರೆ ತಮ್ಮ ತಮ್ಮಲ್ಲೇ ದರ ಇಳಿಸಿಕೊಳ್ಳಬೇಕಾಗುತ್ತದೆ.

ಬೆಲೆ ಕಟ್ಟುವುದು ಹೇಗೆ? ಒಂದು ಖಣದ ಪರ್ಸು ತೆಗೆದುಕೊಳ್ಳೋಣ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮೂರಿನ ದರ ನೀವು ಹಾಕಿಕೊಳ್ಳಿ. ಖಣ, ಅಸ್ತರ, ನಡುವಿನ ಫೋಮು, ಝಿಪ್ಪು, ದಾರ ಎಲ್ಲ ಸೇರಿ 60 ರೂಪಾಯಿ. ಕತ್ತರಿಸುವುದರಿಂದ ಹಿಡಿದು ದಾರದ ತುದಿ ಕತ್ತರಿಸಿ ಇಸ್ತ್ರಿ ಮಾಡುವವರೆಗೆ ಒಂದು ತಾಸು. ತಾಸಿಗೆ 50 ಎಂದಿಟ್ಟುಕೊಂಡರೆ ಕೂಲಿ 50. ಕರೆಂಟು, ಸೂಜಿ, ಪೇಟೆಗೆ ಹೋಗಿಬರುವ ಬಸ್ಸಿನ ಖರ್ಚು, ಕೆಟ್ಟುಹೋದ ತುಂಡು ಇವಕ್ಕೆಲ್ಲ 10. ಅಲ್ಲಿಗೆ 120 ಆಯಿತು. ಇದು ಮನೆ ಬಾಗಿಲಲ್ಲಿ ಬೀಳುವ ಅಸಲು. ಅಂಗಡಿಯವರು ನೂರಕ್ಕೆ ಮೂವತ್ತು ಇಟ್ಟುಕೊಂಡರೆ, ಪರ್ಸಿನ ಮೇಲೆ 175 ಬರೆದಾಗ ಮಾತ್ರ ನಿಮ್ಮ ಕೈಗೆ 120ರ ಮೇಲೆ ಎರಡೂವರೆ ರೂಪಾಯಿ ಬರುತ್ತದೆ. ಅದೇ ಪರ್ಸನ್ನು ಓಣಿಯಲ್ಲಿ ನೂರಕ್ಕೆ ಕೊಟ್ಟು, ಅಂಗಡಿಯಲ್ಲಿ 175 ಬರೆಸಿದರೆ ಅಂಗಡಿಯವರು ಮುಂದಿನ ಸಲ ನಿಮ್ಮ ಮಾಲು ಇಡುವುದಿಲ್ಲ. ಮನೆಯಲ್ಲೂ ಅಂಗಡಿಯಲ್ಲೂ ದರ ಒಂದೇ ಇರಬೇಕು. ಮನೆಯಲ್ಲಿ ಮಾರಿದಾಗ ಉಳಿಯುವ ಹೆಚ್ಚಿನ ದುಡ್ಡು ನೀವು ಮಾರಾಟಕ್ಕೆ ಕೂತ ಹೊತ್ತಿನ ಕೂಲಿ. ಬೇಕಾದವರಿಗೆ ಉಡುಗೊರೆಯಾಗಿ ಒಂದು ಕೊಡಿ, ಸಂತೋಷ. ಅರ್ಧ ದರಕ್ಕೆ ಮಾತ್ರ ಮಾರಬೇಡಿ.

ಇದೇ ಲೆಕ್ಕವನ್ನು ಕೌದಿಗೆ ಹಾಕಿದರೆ ಅರವತ್ತು ತಾಸಿಗೆ 3,000, ದಾರಕ್ಕೆ ನೂರು. ಹಳ್ಳಿಯಲ್ಲಿ ಅಷ್ಟು ಕೊಟ್ಟು ಯಾರೂ ಕೌದಿ ಕೊಳ್ಳುವುದಿಲ್ಲ, ಅದು ನಿಜ. ಹಾಗೆಂದು ಕೂಲಿ ಇಳಿಸಬೇಕಿಲ್ಲ. ಅಳತೆ ಇಳಿಸಬಹುದು. ಕೂಸಿನ ಕೌದಿಗೆ ದೊಡ್ಡದರ ಐದನೇ ಒಂದು ಪಾಲು ಹೊಲಿಗೆ ಸಾಕು. ಹನ್ನೆರಡು ತಾಸಿನ ಕೆಲಸ, ಏಳೆಂಟು ನೂರಕ್ಕೆ ಹೋಗುತ್ತದೆ. ಕುಬಸಕ್ಕೆ, ತೊಟ್ಟಿಲಿಗೆ, ಮರಾಠಿ ಮನೆಗಳ ಬಾರಸೆಗೆ ಕೊಡುವ ಉಡುಗೊರೆಗೆ ಜನ ಅಷ್ಟು ಖರ್ಚು ಹೇಗೂ ಮಾಡುತ್ತಾರೆ. ಕೌದಿಯ ಜೊತೆ ಖಣದ ಕುಂಚಿಗೆಯೊಂದನ್ನು ಕೂಡಿಸಿಕೊಟ್ಟರೆ ಮಷೀನು ಮಾಲಿನ ಅಂಗಡಿಯಲ್ಲಿ ಅಂಥದ್ದು ಸಿಗುವುದಿಲ್ಲ. ಅಜ್ಜಿಯ ಸೀರೆಯನ್ನೇ ತಂದುಕೊಟ್ಟು ಮೊಮ್ಮಗುವಿಗೆ ಕೌದಿ ಹೊಲಿಸಿಕೊಳ್ಳುವವರಂತೂ ದರಕ್ಕೆ ಚೌಕಾಸಿ ಮಾಡುವುದನ್ನು ನಾನು ಕಂಡಿಲ್ಲ.

ಅಳತೆ ಇಳಿಸಲು ಮನಸ್ಸಿಲ್ಲದವರು ಗಿರಾಕಿಯನ್ನು ಬದಲಿಸಬೇಕು. ಇದಕ್ಕೆ ನಮ್ಮಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕವಂದಿ. ಹಳೆಯ ಬಟ್ಟೆಯದ್ದೇ, ಹೊದೆಯಲಿಕ್ಕೆಂದೇ ಮಾಡುವಂಥದ್ದು. ಒಂದು ಮೂಲೆಯಿಂದ ಶುರುಮಾಡಿ ಅಂಚಿಗುಂಟ ಸುತ್ತುತ್ತ ನಡುವಿನ ಕಡೆಗೆ ಬರುತ್ತಾರೆ. ಮೂಲೆಗಳಿಗೆ ಬಟ್ಟೆ ಮಡಿಚಿ ಮಾಡಿದ ತ್ರಿಕೋನದ 'ಫುಲ' ಹಚ್ಚುತ್ತಾರೆ. ಅದಿಲ್ಲದ ಕವಂದಿ ಅವರ ಕಣ್ಣಿಗೆ ಬತ್ತಲೆ. ನಡುವಿನ ಕೊನೆಯ ಜಾಗ ಮುಚ್ಚುವ ಮೊದಲು ನಾಲ್ಕು ಕಾಳು ಅಕ್ಕಿ ಹಾಕಿ ಕವಂದಿಯ ಹೊಟ್ಟೆ ತುಂಬಿಸುವವರಿದ್ದಾರೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರು ಸಿದ್ದಿಗಳ ನಡುವೆ ಅಧ್ಯಯನಕ್ಕೆ ಬಂದಾಗ ಇದನ್ನು ಕಂಡರು. 2004ರಲ್ಲಿ ಸಿದ್ದಿ ಮಹಿಳೆಯರ ಕೌದಿ ಸಹಕಾರಿ ಸಂಘ ಹುಟ್ಟಿತು, ಕವಂದಿಗಳು ಅಮೆರಿಕದ ಪ್ರದರ್ಶನಗಳ ಗೋಡೆ ಏರಿದವು. ಎಲ್ಲರ ಕೌದಿಯೂ ಅಮೆರಿಕಕ್ಕೆ ಹೋಗಲಿ ಎಂದು ನಾನು ಹೇಳುತ್ತಿಲ್ಲ. ಹೊಲಿದವರು ಯಾರು, ಎಲ್ಲಿಂದ ಶುರುಮಾಡಿದರು, ಎಷ್ಟು ದಿನ ಹಿಡಿಯಿತು ಎಂಬುದು ಗೊತ್ತಾದಾಗ ಗಿರಾಕಿ ಹಳೆಯ ಬಟ್ಟೆಗಲ್ಲ, ಕೈಗೆಲಸಕ್ಕೆ ದುಡ್ಡು ಕೊಡುತ್ತಾನೆ. ಪುಣೆ, ಮುಂಬೈ, ಬೆಂಗಳೂರುಗಳಲ್ಲಿ ಅಂಥ ಗಿರಾಕಿಗಳಿದ್ದಾರೆ. ಕೌದಿಯ ಅಂಚಿಗೆ ಒಂದು ಸಣ್ಣ ಚೀಟಿ ಹೊಲಿಯಿರಿ: ಊರು, ಹೊಲಿದವರ ಹೆಸರು, ಹಿಡಿದ ತಾಸು. ಅದಕ್ಕೆ ಖರ್ಚು ಎರಡು ರೂಪಾಯಿಯೂ ಇಲ್ಲ.

ಹೆಸರಿನ ಬೆಲೆ ಎಂಥದು ಎಂಬುದನ್ನು ಕೊಲ್ಹಾಪುರದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಸಿಕ್ಕಿದ್ದು ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಒಟ್ಟಾಗಿ. ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಅದರಲ್ಲಿವೆ. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಫ್ಯಾಷನ್ ಪ್ರದರ್ಶನದಲ್ಲಿ ಅದೇ ಮಾದರಿಯ ಚಪ್ಪಲಿ ತೊಡಿಸಿ ನಡೆಸಿತು, ಎಲ್ಲಿಂದ ಬಂದದ್ದು ಎಂಬ ಮಾತೆತ್ತಲಿಲ್ಲ. ಇಲ್ಲಿನವರು ದನಿ ಎತ್ತಿದ ಮೇಲೆ ಭಾರತದ ಕೈಕಸುಬಿನ ಚಪ್ಪಲಿಯಿಂದ ಪ್ರೇರಣೆ ಪಡೆದದ್ದನ್ನು ಒಪ್ಪಿಕೊಂಡಿತು. ಚರ್ಮದ ಕಸುಬಿಗೆ ಇದ್ದ ಆ ಹೆಸರು ನಮ್ಮ ಗಡಿಸೀಮೆಯ ಕೌದಿಗೆ ಇನ್ನೂ ಬಂದಿಲ್ಲ.

ಖಣಕ್ಕಂತೂ ಹೆಸರಿದೆ. ಗುಳೇದಗುಡ್ಡದ ಮಗ್ಗದ ಮೇಲೆ ನೇಯ್ದ ಖಣಕ್ಕೆ ಹಿಂದಿನಿಂದಲೂ ಮಹಾರಾಷ್ಟ್ರವೇ ದೊಡ್ಡ ಪೇಟೆ. ಕೊಲ್ಹಾಪುರದ ಅಂಬಾಬಾಯಿಗೆ ಉಡಿ ತುಂಬಲು ಖಣ, ತೆಂಗಿನಕಾಯಿ ಬೇಕೇ ಬೇಕು. ಮಹಾದ್ವಾರ ರಸ್ತೆಯ ಅಂಗಡಿಗಳಲ್ಲಿ ಈಗ ಖಣದ ತೋರಣ, ಪರ್ಸು, ಪೂಜೆಯ ಬಟ್ಟೆ, ಮಕ್ಕಳ ಲಂಗ ತೂಗುತ್ತವೆ. ಇದರಲ್ಲಿ ಪವರ್‌ಲೂಮಿನ ನಕಲಿ ಖಣವೂ ಧಾರಾಳ. ನಕಲಿ ಬಳಸುವುದು ತಪ್ಪೆಂದು ನಾನು ಹೇಳಲಾರೆ, ಅಗ್ಗದ ಪರ್ಸಿಗೆ ಅದೇ ಹೊಂದುತ್ತದೆ. ಆದರೆ ಅದನ್ನು ಗುಳೇದಗುಡ್ಡದ ಕೈಮಗ್ಗದ್ದೆಂದು ಹೇಳಿ ಮಾರಿದರೆ ನೇಕಾರನ ಅನ್ನ ಕಸಿದಂತೆ. ತನ್ನ ಕೈಕೆಲಸಕ್ಕೆ ಬೆಲೆ ಕೇಳುವವಳು ಇನ್ನೊಬ್ಬನ ಕೈಕೆಲಸದ ಬಗ್ಗೆ ಸುಳ್ಳು ಹೇಳಬಾರದು.

ಅರಿವೆ ತರುವಾಗ ಎರಡು ಮಾತು ನೆನಪಿಡಿ. ಕಟ್‌ಪೀಸು, ಚಿಂದಿ ತೂಕದ ಲೆಕ್ಕದಲ್ಲಿ ಕೊಂಡರೆ ಅಗ್ಗ, ಆದರೆ ಬಣ್ಣ ಬಿಡುವುದೋ ಇಲ್ಲವೋ ಯಾರೂ ಹೇಳುವುದಿಲ್ಲ. ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ತುಂಡಿನ ಮೂಲೆ ತಿಕ್ಕಿ ನೋಡಿ. ಬಿಳಿಯ ಮೇಲೆ ಬಣ್ಣ ಕಂಡರೆ ಅದನ್ನು ಕೂಸಿನ ಕೌದಿಗೂ ತಿಳಿ ಬಣ್ಣದ ಪಕ್ಕಕ್ಕೂ ಹಾಕಬೇಡಿ. ಹತ್ತಿಯ ಹೊಸ ಅರಿವೆಯನ್ನು ಒಂದು ರಾತ್ರಿ ನೀರಲ್ಲಿ ನೆನೆಹಾಕಿ, ಒಣಗಿಸಿ, ಆಮೇಲೆ ಕತ್ತರಿಸಬೇಕು. ಇಲ್ಲದಿದ್ದರೆ ಮೊದಲ ತೊಳೆತಕ್ಕೆ ಮೇಲಿನ ಪದರು ಕುಗ್ಗಿ, ಅಸ್ತರ ಜೋತುಬಿದ್ದು, ಹೊಲಿಗೆಯ ಸಾಲೆಲ್ಲ ಸುಕ್ಕಾಗುತ್ತದೆ. ಗಿರಾಕಿ ದೂರು ಹೇಳಲು ತಿರುಗಿ ಬರುವುದಿಲ್ಲ, ಮುಂದೆ ಕೊಳ್ಳುವುದನ್ನೇ ಬಿಡುತ್ತಾಳೆ.

ಬಂಡವಾಳ, ಸಾಲ, ಕಾಗದಪತ್ರದ ವಿಚಾರಕ್ಕೆ ಬಂದರೆ, ಮೊದಲ ಆರು ತಿಂಗಳು ಸಾಲ ಬೇಡ ಎನ್ನುವವಳು ನಾನು. ಯಾವ ವಸ್ತು ಹೋಗುತ್ತದೆ ಎಂಬುದು ಗೊತ್ತಾಗುವ ಮೊದಲೇ ಕಂತು ಶುರುವಾದರೆ ಸಿಕ್ಕ ದರಕ್ಕೆ ಮಾರುವ ಪಾಡು ಬರುತ್ತದೆ. ಉದ್ಯಮ್ ನೋಂದಣಿ ಮಾಡಿಸಿ. ಸರ್ಕಾರದ ತಾಣದಲ್ಲಿ ಆಧಾರ್ ಕೊಟ್ಟರೆ ಪುಕ್ಕಟೆ ಆಗುತ್ತದೆ. ಅದಕ್ಕೆಂದು ಏಜೆಂಟರಿಗೆ ಸಾವಿರಗಟ್ಟಲೆ ಕೊಡಬೇಡಿ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದೆ. ತರಬೇತಿ, ಸಲಕರಣೆಗೆ 15,000 ರೂಪಾಯಿಯವರೆಗೆ ನೆರವು, ಆಮೇಲೆ ಶೇಕಡಾ 5ರ ಬಡ್ಡಿಗೆ ಮೊದಲ ಕಂತಾಗಿ ಒಂದು ಲಕ್ಷದವರೆಗೆ ಸಾಲ. ಮಹಾರಾಷ್ಟ್ರದಲ್ಲಿ ಉಮೇದ್, ಕರ್ನಾಟಕದಲ್ಲಿ ಸಂಜೀವಿನಿ ಎಂಬ ಸರ್ಕಾರಿ ಯೋಜನೆಗಳ ಮೂಲಕ ಬಚತ್ ಗಟಗಳಿಗೆ, ಸಂಘಗಳಿಗೆ ಮೇಳಗಳಲ್ಲಿ ಜಾಗ ಸಿಗುತ್ತದೆ. ಮೇಳದಲ್ಲಿ ಆ ನಾಲ್ಕು ದಿನದ ಗಲ್ಲಾಪೆಟ್ಟಿಗೆಗಿಂತ ಗಿರಾಕಿಗಳ ಫೋನ್ ನಂಬರ್ ಬರೆದಿಟ್ಟುಕೊಂಡ ವಹಿ ಹೆಚ್ಚು ಬಾಳುತ್ತದೆ.

ಗಡಿಯವರು ಜಿಎಸ್‌ಟಿಯ ಒಂದು ತೊಡಕು ಮಾತ್ರ ತಿಳಿದಿರಲೇಬೇಕು. ಎರಡೂ ರಾಜ್ಯಗಳಲ್ಲಿ ವಸ್ತು ಮಾರುವವರ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ನೋಂದಣಿ ಬೇಕಿಲ್ಲ. ಆದರೆ ಗಡಹಿಂಗ್ಲಜದಿಂದ ಹತ್ತು-ಹದಿನೈದು ಕಿಲೋಮೀಟರಿನ ಸಂಕೇಶ್ವರಕ್ಕೆ ಪಾರ್ಸಲ್ ಕಳಿಸಿದರೂ ಅದು ಅಂತರರಾಜ್ಯ ವ್ಯಾಪಾರ, ಅದಕ್ಕೆ ನಿಯಮ ಬೇರೆ. ಕೈಕಸುಬಿನ ವಸ್ತುಗಳಿಗೆ ಅದರಲ್ಲಿ ವಿನಾಯಿತಿ ಇದೆ, ಷರತ್ತುಗಳೂ ಇವೆ. ಆನ್‌ಲೈನ್ ಪೇಟೆಗಳಲ್ಲಿ 2023ರ ಅಕ್ಟೋಬರ್‌ನಿಂದ ನೋಂದಣಿ ಇಲ್ಲದವರಿಗೂ ಅವಕಾಶ ಸಿಕ್ಕಿದೆ, ಆದರೆ ತಮ್ಮ ರಾಜ್ಯದೊಳಗೆ ಮಾತ್ರ. ತವರಿನ ಓಣಿಗೆ ಮಾರುವವರು ಒಂದು ಸಲ ತೆರಿಗೆ ಸಲಹೆಗಾರರಿಗೆ ಇನ್ನೂರು ರೂಪಾಯಿ ಕೊಟ್ಟು ಕೇಳಿಕೊಳ್ಳುವುದು ಲೇಸು.

ಈ ತೆರಿಗೆಯ ವಿರುದ್ಧ ನಮ್ಮ ನಾಡಿನಲ್ಲೇ ದೊಡ್ಡ ದನಿ ಎದ್ದಿತ್ತು. ರಂಗಕರ್ಮಿ ಪ್ರಸನ್ನ ಅವರು 2017ರಲ್ಲಿ, ಕೈಉತ್ಪನ್ನಗಳಿಗೆ ಸೊನ್ನೆ ತೆರಿಗೆ ಬೇಕೆಂದು ಉಪವಾಸ ಕೂತರು. ಅವರು ಕಟ್ಟಿದ ಹೆಗ್ಗೋಡು ಬಳಿಯ ಚರಕ ಮಹಿಳಾ ಸಂಘ ಅಡಿಕೆಯ ಚೊಗರಿನಂಥ ನೈಸರ್ಗಿಕ ಬಣ್ಣಗಳ ಬಟ್ಟೆಗೆ ಹೆಸರು ಮಾಡಿದೆ, 'ದೇಸಿ' ಅಂಗಡಿಗಳ ಮೂಲಕ ಪೇಟೆ ಕಂಡುಕೊಂಡಿದೆ. ಅಂಥ ಸಂಸ್ಥೆಯೂ 2020ರಲ್ಲಿ ಆರ್ಥಿಕ ತುರ್ತು ಪರಿಸ್ಥಿತಿ ಘೋಷಿಸಬೇಕಾಯಿತು. ಅಷ್ಟು ಬೇರು ಬಿಟ್ಟವರಿಗೇ ಆ ಗತಿ ಬರುವುದಾದರೆ, ಮನೆಯ ಮೂಲೆಯಲ್ಲಿ ನೂರು ಪರ್ಸು ಹೊಲಿದು ಒಟ್ಟಿಕೊಂಡು ಗಿರಾಕಿಗೆ ಕಾಯುವವಳ ಗತಿ ಏನು? ಅದಕ್ಕೇ ನಾನು ಮಾದರಿಗೆ ನಾಲ್ಕು ಮಾಡಿ, ಉಳಿದದ್ದನ್ನು ಬೇಡಿಕೆ ಬಂದ ಮೇಲೆ ಮಾಡಿ ಎನ್ನುವುದು. ಫೋಟೋವನ್ನು ಹಗಲ ಬೆಳಕಿನಲ್ಲಿ, ಅಳತೆ ತಿಳಿಯುವಂತೆ ಕೈಯಲ್ಲಿ ಹಿಡಿದು ತೆಗೆಯಿರಿ. ಅರ್ಧ ದುಡ್ಡು ಮುಂಗಡ ತಗೊಳ್ಳಿ. ಉದ್ರಿ ಬೇಡವೇ ಬೇಡ. ದೂರದವರ ಉದ್ರಿ ವಸೂಲಾದೀತು, ಬೀಗರ ಉದ್ರಿ ಆಗದು.

ಇಚಲಕರಂಜಿಯಿಂದ ಬರೆದ ತಂಗಿಯೊಬ್ಬಳು ಹೊಸ ಮೋಟಾರ್ ಮಷೀನು ಕೊಳ್ಳಲೇ ಎಂದು ಕೇಳಿದ್ದಾಳೆ. ಸದ್ಯ ಬೇಡ, ಇರುವ ಕಾಲುಮಷೀನಿಗೇ ಮೋಟಾರ್ ಕೂಡಿಸಲು ಬರುತ್ತದೆ. ಆ ದುಡ್ಡಲ್ಲಿ ಒಳ್ಳೆಯ ಕತ್ತರಿ, ಗಟ್ಟಿ ಝಿಪ್ಪು, ಒಂದು ಲೆಕ್ಕದ ವಹಿ ತಗೋ. ಎಷ್ಟು ತಾಸು ಕೂತೆ ಎಂಬುದನ್ನು ಅದರಲ್ಲಿ ದಿನಾ ಬರೆ. ನವರಾತ್ರಿಗೆ ಮಹಾದ್ವಾರ ರಸ್ತೆಯಲ್ಲಿ ಮಾಲು ಇಡಬೇಕೆಂದರೆ ಶ್ರಾವಣದೊಳಗೆ ಮಾದರಿ ಹಿಡಿದು ಅಂಗಡಿಗಳಿಗೆ ಹೋಗಿ ಬಾ. ಗಣಪತಿ ಹಬ್ಬ ಬಂತೆಂದರೆ ಆಮೇಲೆ ಅಂಗಡಿಯವರಿಗೆ ನಿಂತು ಮಾತಾಡಲು ಪುರುಸೊತ್ತು ಇರುವುದಿಲ್ಲ.